ಕಂಪ್ಯೂಟರಿಗೆ ಗಾಳಿಯ ಜಾಗ

ಯಾರ ಮನೆಗೆ ಹೋದರೂ ಈಗೀಗ ನಾನು ಮೊದಲು ನೋಡುವುದು ಗಾಳಿ ಎತ್ತಲಿಂದ ಬರುತ್ತದೆ ಎಂದು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಅಂಗೈ ಅಗಲಿಸಿ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ನಾನೇನೋ ಆಶೀರ್ವಾದ ಮಾಡುತ್ತಿದ್ದೇನೆ ಎಂದು ಮನೆಯವರು ತಿಳಿಯುತ್ತಾರೆ. ಮೊನ್ನೆ ನೆರೂಳದಲ್ಲಿ ನನ್ನ ಭಾವಮೈದುನನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಬಂದವರೆಲ್ಲ ನೆಲದ ಟೈಲ್ಸ್ ನೋಡಿ ತಲೆದೂಗುತ್ತಿದ್ದರೆ ನಾನು ಹೋಮದ ಹೊಗೆ ಯಾವ ಕಿಟಕಿಯಿಂದ ಆಚೆ ಹೋಗುತ್ತದೆ ಎಂದು ಅದರ ಹಿಂದೆ ಕೋಣೆ ಕೋಣೆ ತಿರುಗುತ್ತಿದ್ದೆ. "ನಿನ್ನ ಭಾವ ರಿಟೈರ್ ಆದ ಮೇಲೆ ಸ್ವಲ್ಪ ಹೀಗೇ, ನೀನು ಮನಸ್ಸಿಗೆ ಹಚ್ಚಿಕೊಳ್ಬೇಡ" ಎಂದು ನನ್ನ ಹೆಂಡತಿ ಸುಮತಿ ತಮ್ಮನಿಗೆ ಸಮಾಧಾನ ಹೇಳಿದಳು.

ಈ ಹುಚ್ಚು ಹಿಡಿಸಿದ್ದು ಒಂದು ಕಂಪ್ಯೂಟರು ಎಂದರೆ ನೀವು ನಗುತ್ತೀರಿ. ನಗಿ, ತೊಂದರೆಯಿಲ್ಲ.

ಮುಂಬಯಿ ಆಚೆಯ ನಮ್ಮ ಡೊಂಬಿವಲಿಯಲ್ಲಿ ಇರುವವರಿಗೆ ಗಾಳಿಯ ಬೆಲೆಯನ್ನು ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ, ನಿಜ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೆ ಸಾಲದು, ಕಿಟಕಿಯ ಸೀಟು ಸಿಗಬೇಕು. ಕಿಟಕಿಯ ಸೀಟಾದರೂ ಸಾಲದು, ರೈಲು ಹೋಗುವ ದಿಕ್ಕಿಗೆ ಮುಖ ಮಾಡಿದ ಕಿಟಕಿಯಾಗಬೇಕು. ಎದುರಿನ ಕಿಟಕಿಯವನಿಗೆ ದಕ್ಕುವುದು ಇವನು ಉಂಡು ಬಿಟ್ಟ ಗಾಳಿ. ಮುಂಬ್ರಾ ದಾಟಿ ಖಾಡಿಯ ಹಿನ್ನೀರು ಬಂದಾಗ ಇಡೀ ಡಬ್ಬಾ ಜಗಳ ನಿಲ್ಲಿಸಿ ಆ ಕಡೆ ಮುಖ ಒಡ್ಡುತ್ತಿದ್ದುದನ್ನು ನಾನು ನೌಕರಿಯಲ್ಲಿದ್ದಷ್ಟು ವರ್ಷವೂ ಕಂಡಿದ್ದೇನೆ. ಆದರೂ ಗಾಳಿಯನ್ನು ನಾನು ಸೀಟಿನ ಹಾಗೆ, ಸಿಕ್ಕಿದವನ ಅದೃಷ್ಟ ಎಂದುಕೊಂಡಿದ್ದೆನೇ ಹೊರತು ಅದಕ್ಕೂ ಒಂದು ದಾರಿ ಇರುತ್ತದೆ ಎಂದು ಯೋಚಿಸಿದವನಲ್ಲ.

ಗಾಳಿಗೆ ಹಿರಿತನದ ಲೆಕ್ಕವುಂಟು ಎಂಬುದು ಮಾತ್ರ ಚಿಕ್ಕಂದಿನಿಂದಲೇ ಗೊತ್ತಿತ್ತು. ನನ್ನ ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಶಾಲೆಗೆ ರಜೆ ಇದ್ದಾಗ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ತನಕ ಕೆಲಸದವರೆಲ್ಲ ಮೇಜು ಜೋಡಿಸಿ ಮಲಗುತ್ತಿದ್ದರು. ಫ್ಯಾನಿನ ನೇರ ಕೆಳಗಿನ ಮೇಜು ದೋಸೆ ಭಟ್ಟರದ್ದು. ಪಕ್ಕದ್ದು ಅಪ್ಪನದ್ದು. ಆಮೇಲೆ ಸಪ್ಲೈಯರುಗಳು, ಗೋಡೆಯ ಬುಡದಲ್ಲಿ ಲೋಟ ತೊಳೆಯುವವರು. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ. ದೋಸೆ ಭಟ್ಟರು ಊರಿಗೆ ಹೋಗಿದ್ದಾಗ ಕೂಡ ಆ ಮೇಜು ಖಾಲಿಯೇ ಇರುತ್ತಿತ್ತು. ಫ್ಯಾನು ಬರಿಯ ಮೇಜಿಗೆ ಭಕ್ತಿಯಿಂದ ಗಾಳಿ ಹಾಕುತ್ತಿತ್ತು.

ಇಂಥ ಸಂಪ್ರದಾಯದಲ್ಲಿ ಬೆಳೆದ ನಮ್ಮ ಮನೆಗೆ ಕಳೆದ ಮೇ ತಿಂಗಳಲ್ಲಿ ಆ ಕಂಪ್ಯೂಟರು ಬಂತು. ತಂದವಳು ಮಗಳು ಅನುಷಾ. ಐರೋಲಿಯ ಒಂದು ಕಂಪನಿಯ ಕೆಲಸ ಬಿಟ್ಟು ಸ್ವಂತಕ್ಕೆ ಏನೋ ಮಾಡುತ್ತೇನೆ ಎಂದು ಹೊರಟಿದ್ದಳು. ಏನೋ ಎಂದರೆ, ಇನ್ನೂ ಕಟ್ಟದ ಮನೆಗಳ ಒಳಗೆ ಓಡಾಡಿಸಿ ತೋರಿಸುವ ಫಿಲಂ. ಮಾಜಿವಾಡಾದಲ್ಲಿ ಏಳಲಿರುವ ಒಂದು ಟವರಿನ ಫ್ಲ್ಯಾಟುಗಳು ಹೇಗಿರುತ್ತವೆ ಎಂದು ಗಿರಾಕಿಗಳಿಗೆ ತೋರಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಅದು ಅವಳ ಮೊದಲನೆಯ ಕೆಲಸ. ಸೋಮವಾರ ಬೆಳಿಗ್ಗೆಗೆ ಸರಿಯಾಗಿ ಒಪ್ಪಿಸಿದರೆ ಮುಂದಿನವೂ ಅವಳಿಗೇ. ಇಲ್ಲವಾದರೆ ಐರೋಲಿಯವರು ಇನ್ನೂ ಖಾಲಿ ಇಟ್ಟುಕೊಂಡಿದ್ದ ಕುರ್ಚಿಗೆ ತಲೆ ತಗ್ಗಿಸಿ ವಾಪಸು. "ಪಪ್ಪಾ, ಏಕೀಚ್ ಚಾನ್ಸ್ ಹೈ" ಎಂದಳು. ನಾವು ಅವಳೊಂದಿಗೆ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುತ್ತೇವೆ. ಅವಳಿಗೆ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ.

ಮೊದಲ ಸಲ ಆ ಫಿಲಮಿನ ಒಂದು ತುಣುಕು ತೋರಿಸಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತೆ. ಇಪ್ಪತ್ತನೆಯ ಮಾಳಿಗೆಯ ಹಾಲು. ಬಿಳಿ ಸೋಫಾ. ಬಾಲ್ಕನಿಯ ಬಾಗಿಲಲ್ಲಿ ತೆಳು ಪರದೆ. ಆ ಪರದೆ ಗಾಳಿಗೆ ಉಬ್ಬಿ, ಅಂಚು ನಡುಗಿ, ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅಲ್ಲಿ ಮನೆಯಿಲ್ಲ, ಬಾಗಿಲಿಲ್ಲ, ಬಟ್ಟೆಯ ಒಂದು ಎಳೆಯೂ ಇಲ್ಲ. ನಾನು ಒಮ್ಮೆ ಬಸ್ಸಿನಿಂದ ನೋಡಿದ್ದ ಮಣ್ಣಿನ ಗುಂಡಿ ಮಾತ್ರ. ಆದರೂ ಗಾಳಿ ಬೀಸುತ್ತಿತ್ತು. "ಈ ಗಾಳಿ?" ಎಂದು ಕೇಳಿದೆ. "ಮೈನೇ ಡಾಲಾ" ಎಂದಳು, ಸಾರಿಗೆ ಉಪ್ಪು ಹಾಕಿದೆ ಎನ್ನುವ ಧಾಟಿಯಲ್ಲಿ. ನನಗೆ ಮೈ ಜುಮ್ಮೆಂದಿತು.

ಅವಳು ಚಿತ್ರ ಬರೆದು ಕೊಟ್ಟರೆ ಮುಗಿಯುವುದಿಲ್ಲವಂತೆ. ಪರದೆಯ ಪ್ರತಿಯೊಂದು ಮಡಿಕೆಯ ಮೇಲೆ ಬೆಳಕು ಎಷ್ಟು, ನೆರಳು ಎಷ್ಟು ಎಂದು ಕಂಪ್ಯೂಟರು ಕೂತು ಲೆಕ್ಕ ಹಾಕಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಒಂದು ದಿನ ಎಡೆಬಿಡದೆ ಓಡಬೇಕು. ನಡುವೆ ಆರಿಹೋದರೆ ಆ ಭಾಗ ಮತ್ತೆ ಮೊದಲಿನಿಂದ. ನಮ್ಮ ಕಂಪ್ಯೂಟರು ಒಂದು ಗಂಟೆ ಓಡುತ್ತಿತ್ತು, ಏದುಸಿರು ಬಿಡುತ್ತಿತ್ತು, ಪಕ್ಕನೆ ಆರುತ್ತಿತ್ತು.

ಕಾರಣ ನಾವೇ. ಕಂಪ್ಯೂಟರು ಅಂದರೆ ಸರಸ್ವತಿ. ಸರಸ್ವತಿಯನ್ನು ನೆಲದ ಮೇಲೆ, ಕಾಲು ತಾಗುವಲ್ಲಿ ಇಡುವುದುಂಟೆ? ಹಾಗೆಂದು ಸುಮತಿ ಆ ದೊಡ್ಡ ಪೆಟ್ಟಿಗೆಯನ್ನು ಶೋಕೇಸಿನ ಒಳಗೆ, ದೇವರ ಮಂಟಪದ ಪಕ್ಕದ ಖಾನೆಯಲ್ಲಿ, ಮಣೆಯ ಮೇಲೆ ಕೂರಿಸಿದ್ದಳು. ನಮ್ಮ ಮನೆಯಲ್ಲಿ ಬಟ್ಟೆ ತೊಡದ ಸಾಮಾನಿಲ್ಲ. ಮಿಕ್ಸರಿಗೆ ಅಂಗಿ, ಫ್ರಿಜ್ಜಿನ ಹಿಡಿಗೆ ಕೈಚೀಲ, ಗ್ಯಾಸ್ ಸಿಲಿಂಡರಿಗೆ ಲಂಗ. ಹೊಸ ಅತಿಥಿಗೂ ಕೆಂಪು ವೆಲ್ವೆಟ್ಟಿನ ನಿಲುವಂಗಿ ಹೊಲಿದಳು, ಲೇಸು ಇಟ್ಟು. ಮೇಲೊಂದು ಕುಂಕುಮದ ಬೊಟ್ಟು. ಧೂಳು ಬೀಳಬಾರದೆಂದು ಗಾಜಿನ ಬಾಗಿಲು ಮುಚ್ಚಿದಳು. ಮೇ ತಿಂಗಳ ಡೊಂಬಿವಲಿಯಲ್ಲಿ ಯಾರನ್ನಾದರೂ ಹೀಗೆ ಕೂರಿಸಿ ಲೆಕ್ಕ ಮಾಡು ಎಂದರೆ ಏನಾದೀತು, ನೀವೇ ಹೇಳಿ.

ಅನುಷಾ ನಿಲುವಂಗಿ ಬಿಚ್ಚಿದಳು. ಪೆಟ್ಟಿಗೆಯ ಪಕ್ಕದ ಗಾಜಿನ ಮೂಲಕ ಒಳಗೆ ನೋಡಿದೆ. ಕಂಪ್ಯೂಟರನ್ನು ನಾನು ತಲೆ ಎಂದುಕೊಂಡಿದ್ದೆ. ಅಲ್ಲಿ ಕಂಡದ್ದು ಫ್ಯಾನುಗಳು. ಮುಂದಿನವು ಒಳಗೆ ಎಳೆಯುತ್ತವೆ, ಹಿಂದಿನದು, ಮೇಲಿನದು ಹೊರಗೆ ದೂಡುತ್ತವೆ. ಮುಂದೆ ತಂಪು ಗಾಳಿ ಸಿಗಬೇಕು, ಹಿಂದೆ ಬಿಸಿಗೆ ಹೋಗಲು ದಾರಿ ಬೇಕು, ಗೋಡೆಯಿಂದ ಒಂದು ಗೇಣಾದರೂ ದೂರ ಇರಬೇಕು ಎಂದು ವಿವರಿಸಿದಳು. ಲೆಕ್ಕ ಮಾಡುವ ಭಾಗ ಒಂದು ಬಿಸ್ಕತ್ತಿನಷ್ಟು. ಉಳಿದದ್ದೆಲ್ಲ ಅದಕ್ಕೆ ಉಸಿರು ಕೊಡುವುದಕ್ಕೇ. ಅರವತ್ತು ದಾಟಿದ ಮೇಲೆ ನನಗೆ ಇದು ತಿಳಿಯಿತು, ಯೋಚನೆಗೂ ಉಸಿರು ಬೇಕು ಎಂದು.

ಆಮೇಲೆ ಶುರುವಾಯಿತು ಜಾಗದ ಹುಡುಕಾಟ. ಒಂದು ಬೆಡ್‌ರೂಮು, ಹಾಲು, ಕಿಚನ್ನಿನ ಮನೆಯಲ್ಲಿ ಹುಡುಕುವುದಕ್ಕೆ ಏನಿದೆ ಎನ್ನಬೇಡಿ. ನೆಲದ ಮೇಲಿಟ್ಟರೆ ಎದುರು ರಸ್ತೆ ಅಗೆದ ಧೂಳೆಲ್ಲ ಅದರ ಹೊಟ್ಟೆಗೆ. ಸಾಲದ್ದಕ್ಕೆ ಹೋಗುತ್ತ ಬರುತ್ತ ನಮ್ಮ ಕಾಲು ತಾಗುವುದು, ತಾಗಿದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಅರ್ಧ ದಿನದಲ್ಲಿ ನನ್ನ ಸೊಂಟ ಹಿಡಿಯಿತು. ಬಾಲ್ಕನಿಯ ಗ್ರಿಲ್ಲಿನಲ್ಲಿ ಇಟ್ಟರೆ ಪಾರಿವಾಳಗಳು ಅದನ್ನು ತಮಗೆ ಕೊಟ್ಟ ಫ್ಲ್ಯಾಟು ಎಂದುಕೊಂಡವು. ಅಡುಗೆಮನೆಯ ಮಾತೆತ್ತಿದ್ದಕ್ಕೆ ಸುಮತಿ ಒಗ್ಗರಣೆಯ ಸೌಟು ಹಿಡಿದೇ ತಿರುಗಿ ನೋಡಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಶನಿವಾರ ಮಧ್ಯಾಹ್ನವಾಗಿತ್ತು. ಉಳಿದ ಜಾಗ ಯಾವುದೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾಲಿನಿಂದ ಒಳಕೋಣೆಗೆ ಹೋಗುವ ಓಣಿಯ ಬಾಯಿಯಲ್ಲಿ, ಬಾಲ್ಕನಿಗೆ ನೇರ ಎದುರಾಗಿ ಒಂದು ದಿವಾನ ಮಂಚ. ಮನೆಯಲ್ಲಿ ಗಾಳಿ ಅಂತ ಆಡುವುದಿದ್ದರೆ ಅಲ್ಲಿ. ಅದು ನನ್ನ ಅಮ್ಮನ ಜಾಗ. ಅಮ್ಮ ಎಂಬತ್ತರ ಆಚೆಯವಳು. ಅವಳಿಗೆ ದಮ್ಮು ಉಂಟು. ಅಲ್ಲಿ ಕೂತಿದ್ದರೆ ಉಸಿರು ಸರಾಗ. ಬೇರೆ ಕಡೆ ಕೂತರೆ ಎದೆಯೊಳಗೆ ಸಣ್ಣ ಸಿಳ್ಳೆ ಶುರುವಾಗುತ್ತದೆ.

ಅಮ್ಮ ಬೆಳಿಗ್ಗೆಯಿಂದ ಎಲ್ಲ ನೋಡುತ್ತಿದ್ದಳು. ಕೊನೆಗೆ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತಳು.

"ಠಾಣೆ ಬಂತು. ಏಳ್ಬೇಕಲ್ಲ" ಎಂದಳು.

ಅನುಷಾಳಿಗೆ ಅರ್ಥವಾಗಲಿಲ್ಲ. ನನಗಾಯಿತು. ಅಮ್ಮ ಸುಮ್ಮನೆ ಮನೆಯಲ್ಲಿ ಕೂತವಳಲ್ಲ, ಭಾಂಡುಪಿನ ಒಂದು ಫ್ಯಾಕ್ಟರಿಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಿದ್ದವಳು. ಹೆಂಗಸರ ಡಬ್ಬಾದಲ್ಲಿ ಆಗ ಒಂದು ಪದ್ಧತಿ, ಈಗಲೂ ಗುಂಪು ಕಟ್ಟಿಕೊಂಡು ಹೋಗುವವರಲ್ಲಿ ಉಂಟು: ಕಲ್ಯಾಣದಿಂದ, ಡೊಂಬಿವಲಿಯಿಂದ ಕೂತು ಬಂದವರು ಠಾಣೆ ಬಂದ ಕೂಡಲೇ ಎದ್ದು, ಅಷ್ಟು ಹೊತ್ತು ನಿಂತವರನ್ನು ಕೂರಿಸಬೇಕು. ಹೇಳಿಸಿಕೊಂಡು ಏಳುವುದು ಮರ್ಯಾದೆಯಲ್ಲ.

"ಅಜ್ಜಿ, ನಕೋ! ತುಮ್ ಬೈಠೋ. ಮೈ ಕುಛ್ ಕರ್ತೀ ಹೂಂ" ಎಂದು ಅನುಷಾ ಅವಳ ಕೈ ಹಿಡಿದಳು.

"ನಾನು ಇಷ್ಟು ದಿನ ಕೂತದ್ದು ಸಾಲದಾ? ಅದು ಪಾಪ ಬೆಳಿಗ್ಗೆಯಿಂದ ನಿಂತೇ ಉಂಟು. ನೀನು ಕೆಲಸ ನೋಡು ಮಗಾ" ಎಂದು ಅಮ್ಮ ಒಳಕೋಣೆಗೆ ನಡೆದಳು.

ದಿವಾನದ ಮೇಲೆ ಮಣೆ, ಮಣೆಯ ಮೇಲೆ ಕಂಪ್ಯೂಟರು. ರೆಂಡರ್ ಶುರುವಾಯಿತು. ಒಂದು ಗಂಟೆ ದಾಟಿತು, ಎರಡು ದಾಟಿತು, ಆರಲಿಲ್ಲ. ಮಾನಿಟರಿನ ಮೂಲೆಯಲ್ಲಿ ಅದರ ಮೈ ಬಿಸಿ ತೋರಿಸುವ ಒಂದು ಅಂಕಿ. ಕೆಂಪಿಗೆ ಸ್ವಲ್ಪ ಕೆಳಗೆ ಹೊಯ್ದಾಡುತ್ತಿತ್ತು, ಮೇಲೆ ಹೋಗುತ್ತಿರಲಿಲ್ಲ. ಸೋಫಾ ಬಂತು, ದೀಪ ಬಂತು, ಪರದೆಯ ಗಾಳಿ ಒಂದೊಂದೇ ಚಿತ್ರವಾಗಿ ಬರತೊಡಗಿತು. ಮನೆಯಲ್ಲಿ ಇದ್ದ ಗಾಳಿಯನ್ನೆಲ್ಲ ಕುಡಿದು ಅದು ಇಲ್ಲದ ಮನೆಗೆ ಗಾಳಿ ಹಾಕುತ್ತಿತ್ತು. ಎಲೆಕ್ಟ್ರಿಸಿಟಿ ಹೋಗದಿರಲಿ ಎಂದು ಸುಮತಿ ದೇವರಿಗೆ ಹರಕೆ ಹೊತ್ತಳು.

ಭಾನುವಾರ ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು. ಒಳಕೋಣೆಯಿಂದ ಸಿಳ್ಳೆ ಕೇಳಿಸಿತು.

ಅಮ್ಮ ಮಂಚದ ಅಂಚಿನಲ್ಲಿ ಎರಡು ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ದಮ್ಮಿನ ಪಂಪು ಎಳೆದುಕೊಂಡಾಗಿತ್ತು. ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಆದರೆ ಇದ್ದ ಬಿಸಿಯನ್ನೇ ಅದು ತಿರುಗಿಸುತ್ತಿತ್ತು. ಅನುಷಾ ಬಾಗಿಲಲ್ಲಿ ನಿಂತು ನೋಡಿದಳು. ಹಾಲಿಗೆ ಹೋಗಿ ಕಂಪ್ಯೂಟರಿನ ಬಟನಿಗೆ ಕೈ ಹಾಕಿದಳು. ಇನ್ನೂ ಸಂಜೆಯವರೆಗಿನ ಕೆಲಸ ಬಾಕಿಯಿತ್ತು. ಆರಿಸಿದರೆ ಸೋಮವಾರ ಒಪ್ಪಿಸುವುದಿಲ್ಲ, ಮತ್ತೆ ಐರೋಲಿಯ ಕುರ್ಚಿ.

"ಮುಟ್ಟಬೇಡ!" ಒಳಗಿನಿಂದ ಅಮ್ಮನ ದನಿ. ಎಲ್ಲಿತ್ತೋ ಆ ಉಸಿರು. "ಆರ್ಸಿದ್ರೆ ನಾನು ನಿನ್ನತ್ರ ಮಾತಾಡುದಿಲ್ಲ."

"ಅಜ್ಜಿ, ಕಾಮ್ ಗಯಾ ತೋ ಗಯಾ..." ಕೆಲಸ ಹೋದರೆ ಹೋಗಲಿ ಎನ್ನುವವಳ ಕಣ್ಣಲ್ಲಿ ನೀರಿತ್ತು. ನಾನು ಓಣಿಯ ನಡುವೆ ನಿಂತಿದ್ದೆ, ಒಂದು ಕಡೆ ಅಮ್ಮ, ಒಂದು ಕಡೆ ಮಗಳು. ಬೀಸಣಿಗೆ ಹುಡುಕುವ ನೆವ ಮಾಡಿದೆ.

ಸುಮತಿಯ ಪೂಜೆ ಆಗಷ್ಟೇ ಮುಗಿದಿತ್ತು. ಏನೇ ಆಗಲಿ, ಪೂಜೆಯಾದ ಮೇಲೆ ಊದುಬತ್ತಿಯನ್ನು ಕೋಣೆ ಕೋಣೆಗೆ ತೋರಿಸುವುದು ಅವಳ ಕ್ರಮ. ಅಮ್ಮನಿಗೆ ಹೊಗೆ ಆಗದೆಂದು ಒಂದೇ ಒಂದು ಕಡ್ಡಿ ಹಿಡಿದು, ಒಳಕೋಣೆಯ ಹೊಸ್ತಿಲಾಚೆ ಒಂದು ಹೆಜ್ಜೆ ಇಟ್ಟು, ಉಕ್ಕಿನ ಕಪಾಟಿಗೆ ತೋರಿಸಿದಳು. ಆ ಕಪಾಟು ನಿಂತದ್ದು ಕೋಣೆಯ ನೈಋತ್ಯ ಮೂಲೆಯಲ್ಲಿ, ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು. ಬಾಗಿಲು ತೆರೆಯುವುದು ಉತ್ತರಕ್ಕೆ. ಚಿನ್ನ, ಕಾಗದಪತ್ರ ಇರುವ ಕಪಾಟು ಹಾಗೇ ನಿಲ್ಲಬೇಕು, ಕುಬೇರನ ದಿಕ್ಕು ನೋಡಬೇಕು. ನಮ್ಮವರೆಲ್ಲರ ಮನೆಯಲ್ಲೂ ಹಾಗೆಯೇ. ಕುಬೇರ ಈ ತನಕ ನಮ್ಮ ಕಡೆ ತಿರುಗಿ ನೋಡಿದ ಗುರುತಿಲ್ಲ ಎಂಬುದು ಬೇರೆ ಮಾತು.

ಊದುಬತ್ತಿಯ ಹೊಗೆ ನೇರ ಮೇಲಕ್ಕೆ ಹೋಗುತ್ತಿದ್ದುದು ಕಪಾಟಿನ ಪಕ್ಕಕ್ಕೆ ಬಂದಾಗ ಪಟ್ಟನೆ ಬಾಗಿತು. ಯಾರೋ ಊದಿದ ಹಾಗೆ ನಮ್ಮ ಕಡೆಗೆ ಬಾಗಿತು.

"ಸುಮತೀ, ಅಲ್ಲೇ ನಿಲ್ಲು" ಎಂದಳು ಅಮ್ಮ.

ಸುಮತಿ ನಿಂತಳು. ಕೈಯನ್ನು ಸ್ವಲ್ಪ ಕೆಳಗೆ ತಂದಳು, ಮೇಲೆ ಎತ್ತಿದಳು. ಕಪಾಟು ಮತ್ತು ಗೋಡೆಯ ನಡುವಿನ ಎರಡು ಬೆರಳಿನ ಸಂದಿಯಿಂದ ಏನೋ ಬರುತ್ತಲೇ ಇತ್ತು. ಹೊಗೆ ಆ ಸಂದಿಯ ಎದುರು ನಿಲ್ಲಲಾರದೆ ಓಣಿಯ ಕಡೆಗೆ, ಹಾಲಿನ ಕಡೆಗೆ ಎಳೆಯಾಗಿ ಓಡುತ್ತಿತ್ತು. ನಾನು ಅಂಗೈ ಒಡ್ಡಿದೆ. ತಣ್ಣಗಿತ್ತು.

"ಹಿಂದೆ ಕಿಟಕಿ ಉಂಟಲ್ಲ!" ಎಂದಳು ಸುಮತಿ.

ಉಂಟು! ನಮಗೆ ಹಿರಿಯರು ಮೂವರಿಗೂ ಗೊತ್ತಿದ್ದದ್ದೇ. ಈ ಫ್ಲ್ಯಾಟಿಗೆ ಬಂದ ಮೊದಲ ದಿನ ಕಪಾಟು ನಿಲ್ಲಿಸಿದ್ದು ಕಿಟಕಿಯ ಎದುರಿಗೇ, ದಿಕ್ಕು ಸರಿಯಾಗಬೇಕೆಂದು. ಆಮೇಲೆ ಅನುಷಾ ಹುಟ್ಟಿದಳು, ಶಾಲೆಗೆ ಹೋದಳು, ಕಾಲೇಜು ಮುಗಿಸಿದಳು. ಆ ಗೋಡೆಗೆ ಕಿಟಕಿ ಇದೆಯೆಂಬುದೇ ನಮ್ಮ ತಲೆಯಿಂದ ಹೋಗಿತ್ತು. ಅನುಷಾಳಂತೂ ಅದನ್ನು ಕಂಡೇ ಇರಲಿಲ್ಲ. "ಅಪ್ನೇ ಘರ್ ಮೇ ಔರ್ ಏಕ್ ಖಿಡ್ಕೀ ಹೈ?" ಎಂದು ಬೆರಗಾಗಿ ಕೇಳಿದಳು.

ಕಪಾಟು ತಳ್ಳುವುದು ಎಂದರೆ ಸಣ್ಣ ಕೆಲಸವಲ್ಲ. ಸೀರೆಗಳು, ಸ್ಟೀಲಿನ ಪಾತ್ರೆಗಳು, ಯಾರ ಯಾರದೋ ಮದುವೆಯಲ್ಲಿ ಬಂದ ಗೋಡೆಗಡಿಯಾರಗಳು, ಎಲ್ಲವನ್ನೂ ಮಂಚದ ಮೇಲೆ ಸುರಿದೆವು. ಸುಮತಿಯ ಕೈ ನಡುವೆ ಒಮ್ಮೆ ನಿಂತಿತು. "ಅತ್ತೇ, ದಿಕ್ಕು ತಪ್ತದಲ್ಲ. ಕುಬೇರ..."

"ಕುಬೇರನಿಗೆ ಸೆಕೆ ಆಗುದಿಲ್ವಾ? ತಳ್ಳು" ಎಂದಳು ಅಮ್ಮ, ಉಸಿರಿನ ನಡುವೆ ಉಸಿರು ಹುಡುಕುತ್ತ.

ಸುಮತಿ ಒಂದು ಹಳೆಯ ಚಾದರವನ್ನು ಒದ್ದೆ ಮಾಡಿ ಕಪಾಟಿನ ಕಾಲಡಿಗೆ ತುರುಕಿದಳು. ನಾವು ಮೂವರೂ ಹೆಗಲು ಕೊಟ್ಟೆವು. ಕಪಾಟು ನರಳಿತು, ಅಲುಗಿತು, ಜಾರಿತು. ಹಿಂದೆ ಜೇಡರ ಬಲೆ, ಒಂದು ಹೇರ್‌ಪಿನ್ನು, ಕಳೆಯಿತೆಂದು ನಾನು ಸುಮತಿಯೊಂದಿಗೆ ಜಗಳವಾಡಿದ್ದ ನನ್ನ ಬಾಚಣಿಗೆ, ಮತ್ತು ಧೂಳಿನಿಂದ ಬೂದಿ ಬಣ್ಣಕ್ಕೆ ತಿರುಗಿದ ಗಾಜು. ಗಾಜಿನ ಒಂದು ಮೂಲೆ ಒಡೆದಿತ್ತು, ಹೊಗೆ ಬಾಗಿಸಿದ ಗಾಳಿ ನುಸುಳಿದ್ದು ಅಲ್ಲಿಂದ. ಚಿಲಕ ತುಕ್ಕು ಹಿಡಿದಿತ್ತು. ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಅನುಷಾ ಎಳೆದಳು, ಬರಲಿಲ್ಲ. ನಾನೂ ಸೇರಿ ಎಳೆದೆ.

ತೆರೆಯಿತು.

ಏನು ಹೇಳಲಿ ನಿಮಗೆ! ಕಡಲಿನ ಗಾಳಿ ನಮ್ಮ ಕಡೆ ಬರುವುದೇ ನೈಋತ್ಯದಿಂದ. ಮುಂಬಯಿ ದಾಟಿ, ಖಾಡಿ ದಾಟಿ, ಯಾವ ಯಾವ ಟವರುಗಳ ಸಂದಿಯಲ್ಲಿ ನುಸುಳಿಕೊಂಡು ಬಂದಿತ್ತೋ, ಮೊದಲು ಧೂಳನ್ನು ಮುಖಕ್ಕೆ ಎರಚಿತು, ಆಮೇಲೆ ತಾನೇ ಒಳಗೆ ಬಂತು. ಮಂಚದ ಮೇಲಿದ್ದ ಸೀರೆಗಳು ಒಂದೊಂದಾಗಿ ಸೆರಗೆತ್ತಿದವು. ಕ್ಯಾಲೆಂಡರು ಪಟಪಟ ಹೊಡೆದುಕೊಂಡಿತು. ಗಾಳಿ ಅಮ್ಮನನ್ನು ದಾಟಿ, ಓಣಿಯಲ್ಲಿ ಹಾಯ್ದು, ಕಂಪ್ಯೂಟರನ್ನು ದಾಟಿ, ಬಾಲ್ಕನಿಯಿಂದ ಆಚೆ ಹೋಯಿತು. ಹೋಗುತ್ತಿದ್ದ ಹಾಗೆ ಹಿಂದಿನಿಂದ ಇನ್ನಷ್ಟು ಬಂತು. ಒಂದು ಕಡೆ ಬರಲು, ಒಂದು ಕಡೆ ಹೋಗಲು ದಾರಿ ಬೇಕು ಎಂದು ಮಗಳು ಆ ಪೆಟ್ಟಿಗೆಯ ವಿಷಯ ಹೇಳಿದ್ದಳಲ್ಲ, ಇಡೀ ಮನೆಯೇ ಅಂಥದೊಂದು ಪೆಟ್ಟಿಗೆ ಎಂದು ನನಗೆ ಆಗ ಹೊಳೆಯಿತು. ಅದರೊಳಗೆ ನಾವು ಇಷ್ಟು ವರ್ಷ ಒಂದು ಮೂಗು ಮುಚ್ಚಿಕೊಂಡು ಸಂಸಾರ ಮಾಡಿದ್ದೆವು.

ಅನುಷಾ ಹಾಲಿಗೆ ಓಡಿದಳು. "ಪಪ್ಪಾ! ನಂಬರ್ ಗಿರ್ ರಹಾ ಹೈ!" ಎಂದು ಕೂಗಿದಳು. ಮೈ ಬಿಸಿಯ ಅಂಕಿ ಇಳಿಯುತ್ತಿತ್ತು. ಕಂಪ್ಯೂಟರಿನ ಏದುಸಿರು ತಗ್ಗಿತು. ಅಮ್ಮನ ಸಿಳ್ಳೆ ಅಷ್ಟು ಬೇಗ ನಿಲ್ಲಲಿಲ್ಲ. ಆದರೆ ಬೆನ್ನು ನೇರವಾಯಿತು, ಊರಿದ್ದ ಕೈ ಮಡಿಲಿಗೆ ಬಂತು. ಸುಮತಿ ಕೈಯಲ್ಲಿದ್ದ ಸೀರೆಯನ್ನು ಮಡಚುವುದನ್ನೇ ಮರೆತು ಕಿಟಕಿಗೆ ಕೈ ಮುಗಿದಳು. ನಾನು ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಫಿಲಂ ಆ ಸಂಜೆಯೇ ಮುಗಿಯಿತು. ಸೋಮವಾರ ಒಪ್ಪಿಸಿದಳು, ಮುಂದಿನ ಕೆಲಸವೂ ಸಿಕ್ಕಿತು, ಐರೋಲಿಯ ಕುರ್ಚಿ ಬೇರೆ ಯಾರಿಗೋ ಹೋಯಿತು. ಅದೆಲ್ಲ ಸಂತೋಷವೇ. ಆದರೆ ಆ ಮಧ್ಯಾಹ್ನ ಯಾರಿಗೂ ಅದರ ನೆನಪಿರಲಿಲ್ಲ. ಅಡುಗೆಯೂ ಆಗಿರಲಿಲ್ಲ. ನಾವು ನಾಲ್ವರೂ ಆ ಕಿಟಕಿಯ ಎದುರು, ಸಾಮಾನಿನ ರಾಶಿಯ ನಡುವೆ ಜಾಗ ಮಾಡಿಕೊಂಡು ಸುಮ್ಮನೆ ಕೂತಿದ್ದೆವು. ಅಮ್ಮ ಕಣ್ಣು ಮುಚ್ಚಿದ್ದಳು. ನಿದ್ದೆ ಬಂತೇನೋ ಎಂದುಕೊಂಡೆ.

"ಪಾಪ" ಎಂದಳು ಅವಳು, ಕಣ್ಣು ತೆರೆಯದೆ.

"ಯಾರಮ್ಮ?"

"ಈ ಗಾಳಿ ಮಾರಾಯ. ಇಷ್ಟು ವರ್ಷ ದಿನಾ ಬಂದು, ಹೊರಗೇ ನಿಂತು, ಹಾಗೇ ಹೋಗ್ತಿತ್ತಲ್ಲ."